ಗ್ರೀನ್ ಕಾರ್ಡಿನಿಂದ ಪೌರತ್ವಕ್ಕೆ: ಊರಿಗೆ ಟಿಕೆಟ್ ತೆಗೆಯುವ ಮುನ್ನ ಮಾಡಬೇಕಾದ ಲೆಕ್ಕ

ಮೈಸೂರು, ಮಂಡ್ಯ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ಅಮೆರಿಕದ ಗ್ರೀನ್ ಕಾರ್ಡ್ ಬಂದು ಐದು ವರ್ಷ ಆಗುತ್ತಾ ಬಂತು, ಊರಲ್ಲಿ ಅಮ್ಮನಿಗೆ ಹುಷಾರಿಲ್ಲ, ಏಳೆಂಟು ತಿಂಗಳು ಬಂದು ಜೊತೆಗಿರಬೇಕು. ಪೌರತ್ವದ ಅರ್ಜಿ ಹಾಕಿ ಹೊರಡುವುದೋ, ವಾಪಸ್ ಹೋದ ಮೇಲೆ ಹಾಕುವುದೋ? ಇದೇ ಪ್ರಶ್ನೆ ಇನ್ನೊಂದು ರೂಪದಲ್ಲೂ ಬರುತ್ತದೆ. ಮಗಳು ಕಾರ್ಡ್ ಮಾಡಿಸಿಕೊಟ್ಟಿದ್ದಾಳೆ, ನಾವಿಬ್ಬರೂ ಆರು ತಿಂಗಳು ಅಲ್ಲಿ, ಆರು ತಿಂಗಳು ಸರಸ್ವತೀಪುರಂ ಮನೆಯಲ್ಲಿ ಇರುತ್ತೇವೆ. ನಮಗೆ ಪೌರತ್ವ ಸಿಗುತ್ತದೆಯೇ?

ಮೊದಲು ಉತ್ತರ, ಆಮೇಲೆ ವಿವರ. ಊರಲ್ಲಿ ಇರುವುದು ಆರು ತಿಂಗಳಿಗಿಂತ ಕಡಿಮೆಯಾದರೆ ಅರ್ಜಿ ಹಾಕಿ, ಬೆರಳಚ್ಚು ಕೊಟ್ಟು ಹೊರಡಿ, ಸಂದರ್ಶನಕ್ಕೆ ವಾಪಸ್ ಹೋಗಿ. ಆರು ತಿಂಗಳು ದಾಟುವಂತಿದ್ದರೆ ಪೌರತ್ವ ಪೂರ್ತಿ ಮುಗಿಸಿ, ಅಮೆರಿಕದ ಪಾಸ್‌ಪೋರ್ಟ್ ಮತ್ತು ಭಾರತಕ್ಕೆ ಬರುವ ದಾಖಲೆ ಎರಡೂ ಕೈಗೆ ಬಂದ ಮೇಲೆಯೇ ಹೊರಡಿ. ಅಷ್ಟು ವೇಳೆ ಇಲ್ಲವೆಂದಾದರೆ ಪೌರತ್ವವನ್ನು ಮುಂದಕ್ಕೆ ಹಾಕಿ, ಕಾರ್ಡನ್ನು ಉಳಿಸಿಕೊಳ್ಳುವ ದಾರಿ ನೋಡಿ. ಫಾರಂ ತುಂಬುವುದು ಅಂಥ ಕಷ್ಟದ ಕೆಲಸವಲ್ಲ. ಹೆಚ್ಚಿನವರು ಎಡವುವುದು ತಾರೀಖುಗಳ ಲೆಕ್ಕದಲ್ಲಿ ಮತ್ತು ಯಾವ ಕೆಲಸದ ನಂತರ ಯಾವುದು ಎಂಬ ಕ್ರಮದಲ್ಲಿ.

ಕೆಲವು ಪದಗಳ ಪರಿಚಯ ಬೇಕು. ಯುಎಸ್‌ಸಿಐಎಸ್ ಎಂದರೆ ಅಮೆರಿಕದ ಪೌರತ್ವ ಮತ್ತು ವಲಸೆ ಸೇವೆಗಳ ಇಲಾಖೆ. ಎನ್-400 ಎಂಬುದು ಪೌರತ್ವಕ್ಕೆ ಹಾಕುವ ಅರ್ಜಿ. 'ನಿರಂತರ ವಾಸ' ಎಂದರೆ ನಿಮ್ಮ ಬದುಕಿನ ನೆಲೆ ಅಮೆರಿಕದಲ್ಲೇ ಕಡಿಯದೆ ಇತ್ತು ಎನ್ನುವುದು. 'ಭೌತಿಕ ಹಾಜರಿ' ಎಂದರೆ ನೀವು ಆ ನೆಲದ ಮೇಲೆ ಇದ್ದ ದಿನಗಳ ಲೆಕ್ಕ. ಇವೆರಡೂ ಬೇರೆ ಬೇರೆ ಪರೀಕ್ಷೆಗಳು, ಎರಡರಲ್ಲೂ ಪಾಸಾಗಬೇಕು. ಒಂದರಲ್ಲಿ ಪಾಸಾದವರು ಇನ್ನೊಂದರಲ್ಲಿ ಬೀಳುವುದು ತೀರ ಸಾಮಾನ್ಯ.

1. ಅರ್ಜಿ ಹಾಕಬಹುದಾದ ಮೊದಲ ದಿನ ಯಾವುದು?

ಕಾರ್ಡನ್ನು ಕೈಗೆ ತೆಗೆದುಕೊಳ್ಳಿ. 'ರೆಸಿಡೆಂಟ್ ಸಿನ್ಸ್' ಎಂದು ಅಚ್ಚಾಗಿರುವ ತಾರೀಖೇ ಆರಂಭ. ಕಾರ್ಡ್ ಅಂಚೆಯಲ್ಲಿ ಬಂದ ದಿನವನ್ನೋ, ಕಾರ್ಡಿನ ಅವಧಿ ಮುಗಿಯುವ ದಿನವನ್ನೋ ಹಿಡಿಯಬೇಡಿ. ಅಲ್ಲಿಂದ ಐದು ವರ್ಷ ಆಗಿರಬೇಕು. ಅಮೆರಿಕದ ಪ್ರಜೆಯನ್ನು ಮದುವೆಯಾಗಿ ಮೂರು ವರ್ಷ ಒಟ್ಟಿಗೆ ಬಾಳಿದ್ದು, ಆ ಮೂರೂ ವರ್ಷ ನಿಮ್ಮ ಗಂಡ ಅಥವಾ ಹೆಂಡತಿ ಅಲ್ಲಿನ ಪ್ರಜೆಯೇ ಆಗಿದ್ದರೆ ಮೂರು ವರ್ಷ ಸಾಕು. ಅರ್ಜಿದಾರರಿಗೆ 18 ತುಂಬಿರಬೇಕು.

ಈ ಅವಧಿ ತುಂಬುವುದಕ್ಕೆ 90 ದಿನ ಮೊದಲೇ ಅರ್ಜಿ ಹಾಕಲು ಅವಕಾಶವಿದೆ. ಕಾರ್ಡಿನಲ್ಲಿ 2021ರ ಜೂನ್ 10 ಎಂದಿದ್ದರೆ ಐದು ವರ್ಷ ತುಂಬುವುದು 2026ರ ಜೂನ್ 10ಕ್ಕೆ. 90 ದಿನ ಹಿಂದಕ್ಕೆ ಎಣಿಸಿದರೆ 2026ರ ಮಾರ್ಚ್ 12. ಮೂರು ತಿಂಗಳು ಎಂದುಕೊಂಡು ಮಾರ್ಚ್ 10ಕ್ಕೆ ಹಾಕಿದರೆ ಎರಡು ದಿನ ಮೊದಲಾಯಿತು. ಅಷ್ಟೇ ಕಾರಣಕ್ಕೆ ಅರ್ಜಿ ತಿರಸ್ಕಾರವಾಗುತ್ತದೆ, ಕಟ್ಟಿದ ದುಡ್ಡು ವಾಪಸ್ ಬರುವುದಿಲ್ಲ. ಇಲಾಖೆಯ ಜಾಲತಾಣದಲ್ಲೇ ಇದನ್ನು ಎಣಿಸಿಕೊಡುವ ಸಾಧನವಿದೆ. ಅದು ಹೇಳಿದ ದಿನಕ್ಕೆ ಇನ್ನೂ ಎರಡು ಮೂರು ದಿನ ಸೇರಿಸಿಕೊಂಡು ಹಾಕಿ.

ಜೊತೆಗೆ, ಅರ್ಜಿ ಹಾಕುವ ರಾಜ್ಯದಲ್ಲಿ ಮೂರು ತಿಂಗಳು ವಾಸ ಆಗಿರಬೇಕು. ಕೆಲಸ ಬದಲಾಗಿ ನ್ಯೂಜೆರ್ಸಿಯಿಂದ ಟೆಕ್ಸಾಸ್‌ಗೆ ಈಗಷ್ಟೇ ಹೋಗಿದ್ದರೆ ಅಷ್ಟು ಕಾಯಿರಿ. ಮನೆ ಬದಲಿಸಿದ 10 ದಿನದೊಳಗೆ ಹೊಸ ವಿಳಾಸವನ್ನು ಇಲಾಖೆಗೆ ತಿಳಿಸುವುದು ಕಡ್ಡಾಯ.

2. ಐದು ವರ್ಷದ ಪ್ರಯಾಣಗಳ ಪಟ್ಟಿ

ಇಡೀ ಅರ್ಜಿಯಲ್ಲಿ ಹೆಚ್ಚು ತಾಳ್ಮೆ ಬೇಡುವುದು ಇದು. ಒಂದು ಭಾನುವಾರ ಪೂರ್ತಿ ಇದಕ್ಕೇ ಎತ್ತಿಡಿ. ಕಳೆದ ಐದು ವರ್ಷದಲ್ಲಿ ಅಮೆರಿಕದ ಹೊರಗೆ 24 ಗಂಟೆಗಿಂತ ಹೆಚ್ಚು ಕಾಲ ಹೋದ ಪ್ರತಿ ಪ್ರಯಾಣವೂ ಪಟ್ಟಿಯಲ್ಲಿರಬೇಕು. ದಸರೆಗೆ ಊರಿಗೆ ಬಂದದ್ದು ಎಲ್ಲರಿಗೂ ನೆನಪಿರುತ್ತದೆ. ಕೆನಡಾಕ್ಕೆ ಎರಡು ದಿನ ಕಾರಿನಲ್ಲಿ ಹೋಗಿಬಂದದ್ದು ಮರೆತುಹೋಗಿರುತ್ತದೆ.

ತಾರೀಖು ತಪ್ಪಾಗುವುದು ಬಹುಪಾಲು ಎರಡು ಕಾರಣಕ್ಕೆ. ಮೊದಲನೆಯದು, ಅಮೆರಿಕ ಬಿಟ್ಟು ಹೊರಡುವಾಗ ಪಾಸ್‌ಪೋರ್ಟಿಗೆ ಅಲ್ಲಿ ಮುದ್ರೆ ಒತ್ತುವುದಿಲ್ಲ. ಹಾಗಾಗಿ ಜನ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬಿದ್ದ ಮುದ್ರೆಯ ತಾರೀಖನ್ನೇ ಹೊರಟ ದಿನ ಎಂದು ಬರೆದುಬಿಡುತ್ತಾರೆ. ಹೊರಟದ್ದು ಅದಕ್ಕಿಂತ ಒಂದೆರಡು ದಿನ ಮೊದಲು. ಇಲಾಖೆಗೆ ಬೇಕಾದದ್ದು ಅಮೆರಿಕ ಬಿಟ್ಟ ದಿನ ಮತ್ತು ಅಮೆರಿಕಕ್ಕೆ ಮರಳಿದ ದಿನ. ಅದಕ್ಕೆ ಟಿಕೆಟಿನ ಇಮೇಲ್ ನೋಡಿ. ಎರಡನೆಯದು, ನಾವು ದಿನ ಮೊದಲು, ತಿಂಗಳು ಆಮೇಲೆ ಬರೆಯುವವರು. ಅಲ್ಲಿನ ಫಾರಂನಲ್ಲಿ ತಿಂಗಳು ಮೊದಲು. 05/07 ಎಂದು ಬರೆದರೆ ನಮಗೆ ಜುಲೈ 5, ಅವರಿಗೆ ಮೇ 7. ಇಂಥ ಒಂದು ಗೀಚಿನಿಂದ ನಾಲ್ಕು ತಿಂಗಳ ಪ್ರವಾಸ ಆರು ತಿಂಗಳಾಗಿ ಕಾಣುತ್ತದೆ. ಪಟ್ಟಿಯನ್ನು ಮೊದಲು ತಿಂಗಳ ಹೆಸರು ಅಕ್ಷರದಲ್ಲೇ ಬರೆದು ಮಾಡಿಕೊಂಡು, ಆಮೇಲೆ ಫಾರಂಗೆ ಇಳಿಸಿ.

ಪಟ್ಟಿ ಆದ ಮೇಲೆ ಕೂಡಿಸಿ. ಐದು ವರ್ಷದ ದಾರಿಯಲ್ಲಿ ಬರುವವರು ಕನಿಷ್ಠ 30 ತಿಂಗಳು, ಅಂದರೆ 913 ದಿನ ಅಮೆರಿಕದಲ್ಲಿ ಇದ್ದಿರಬೇಕು. ಮೂರು ವರ್ಷದ ದಾರಿಯವರಿಗೆ 18 ತಿಂಗಳು, 548 ದಿನ. ಹೊರಟ ದಿನವೂ ಮರಳಿದ ದಿನವೂ ಅಮೆರಿಕದಲ್ಲಿ ಇದ್ದ ದಿನಗಳೆಂದೇ ಲೆಕ್ಕ.

ಈಗ ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ ಇರುವ ಅಪ್ಪ-ಅಮ್ಮಂದಿರ ಪ್ರಶ್ನೆಗೆ ಬರೋಣ. ವರ್ಷಕ್ಕೆ 182 ದಿನ ಅಲ್ಲಿದ್ದರೆ ಐದು ವರ್ಷಕ್ಕೆ 910 ದಿನ. ಮೂರು ದಿನ ಕಡಿಮೆ! ಸಮಪಾಲು ಮಾಡಿದ್ದೇವೆ ಎಂದು ನಂಬಿಕೊಂಡವರು ಹೀಗೆ ಬೆರಳೆಣಿಕೆಯ ದಿನಗಳಿಂದ ಪೌರತ್ವದ ಅವಕಾಶ ಕಳೆದುಕೊಳ್ಳುತ್ತಾರೆ. ಪೌರತ್ವ ಬೇಕೆನ್ನುವ ಹಿರಿಯರು ವರ್ಷಕ್ಕೆ ಏಳೆಂಟು ತಿಂಗಳು ಅಲ್ಲಿ ಉಳಿಯುವಂತೆ ಮೊದಲ ವರ್ಷದಿಂದಲೇ ಟಿಕೆಟ್ ಹೊಂದಿಸಿಕೊಳ್ಳಬೇಕು. ಅದಾಗದಿದ್ದರೆ ಪೌರತ್ವದ ಯೋಚನೆಯನ್ನೇ ಬಿಡುವುದು ಒಳ್ಳೆಯದು. ವರ್ಷದ ಬಹುಪಾಲು ಮೈಸೂರಿನಲ್ಲೇ ಇರುವವರಿಗೆ ಆ ಕಾರ್ಡಿಗಿಂತ ಪ್ರವಾಸಿ ವೀಸಾ ಹೆಚ್ಚು ನೆಮ್ಮದಿ.

3. ಮುಂದಿನ ಪ್ರವಾಸ ಎಷ್ಟು ದಿನದ್ದು?

ನಿರಂತರ ವಾಸದ ನಿಯಮದಲ್ಲಿ ಮೂರು ಮೆಟ್ಟಿಲುಗಳಿವೆ.

ಒಂದೇ ಸಲಕ್ಕೆ ಆರು ತಿಂಗಳೊಳಗೆ ಹೋಗಿಬಂದರೆ ವಾಸ ಕಡಿಯುವುದಿಲ್ಲ. ಆದರೆ 179 ದಿನಕ್ಕೆ ಸರಿಯಾಗಿ ವಾಪಸ್ ಟಿಕೆಟ್ ಮಾಡಿಸಬೇಡಿ. ವಿಮಾನ ರದ್ದಾಗಬಹುದು, ಅಮ್ಮನ ಆಪರೇಷನ್ ಮುಂದಕ್ಕೆ ಹೋಗಬಹುದು. ಐದೂವರೆ ತಿಂಗಳನ್ನೇ ಗಡಿ ಎಂದು ಇಟ್ಟುಕೊಳ್ಳಿ.

ಆರು ತಿಂಗಳು ದಾಟಿ, ಒಂದು ವರ್ಷದೊಳಗೆ ಮರಳಿದರೆ ವಾಸ ಕಡಿಯಿತೆಂದು ಇಲಾಖೆ ಭಾವಿಸುತ್ತದೆ. ಅದು ತಪ್ಪೆಂದು ತೋರಿಸುವ ಹೊಣೆ ನಿಮ್ಮದು. ಅಲ್ಲಿನ ಕೆಲಸ ಬಿಟ್ಟಿರಲಿಲ್ಲ, ಗಂಡ ಅಥವಾ ಹೆಂಡತಿ, ಮಕ್ಕಳು ಅಲ್ಲೇ ಇದ್ದರು, ಮನೆ ಬಾಡಿಗೆ ಅಥವಾ ಸಾಲದ ಕಂತು ಕಟ್ಟುತ್ತಲೇ ಇದ್ದೆ, ಭಾರತದಲ್ಲಿ ಕೆಲಸಕ್ಕೆ ಸೇರಲಿಲ್ಲ ಎನ್ನುವುದಕ್ಕೆ ಕಾಗದ ಬೇಕು. ಊರಿಗೆ ಬಂದ ಕಾರಣಕ್ಕೆ ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ, ವೈದ್ಯರ ಪತ್ರ ಸೇರಿಸಬಹುದು. ಆದರೆ ಕಾರಣ ಎಷ್ಟೇ ನ್ಯಾಯವಾದರೂ ಅದೊಂದರಿಂದ ಕೆಲಸ ಆಗದು. ಅಧಿಕಾರಿ ನೋಡುವುದು ನಿಮ್ಮ ಬೇರು ಎಲ್ಲಿತ್ತು ಎಂಬುದನ್ನು. ಮನೆ ಖಾಲಿ ಮಾಡಿ, ಕಾರು ಮಾರಿ, ಮಕ್ಕಳನ್ನು ಮೈಸೂರಿನ ಶಾಲೆಗೆ ಸೇರಿಸಿ ಎಂಟು ತಿಂಗಳು ಇದ್ದವರಿಗೆ ಇದನ್ನು ಸಾಬೀತು ಮಾಡುವುದು ತುಂಬಾ ಕಷ್ಟ.

ಒಂದು ವರ್ಷ ಅಥವಾ ಹೆಚ್ಚಾದರೆ ವಾಸ ಕಡಿದೇ ಹೋಯಿತು. ಐದು ವರ್ಷದ ದಾರಿಯವರು ಮರಳಿದ ದಿನದಿಂದ ನಾಲ್ಕು ವರ್ಷ ಒಂದು ದಿನ ಕಾಯಬೇಕು. ಆಗಲೂ ಹಿಂದಿನ ಐದು ವರ್ಷದ ಲೆಕ್ಕದಲ್ಲಿ ಆ ಗೈರುಹಾಜರಿಯ ಬಾಲ ಉಳಿದಿರುವುದರಿಂದ ಮೇಲೆ ಹೇಳಿದ ಸಾಬೀತಿನ ಹೊಣೆ ಬರುತ್ತದೆ. ನಾಲ್ಕು ವರ್ಷ ಆರು ತಿಂಗಳು ಕಾದರೆ ಅದೂ ಇಲ್ಲ.

ಈ ನಿಯಮ ಅರ್ಜಿ ಹಾಕಿದ ದಿನಕ್ಕೆ ನಿಲ್ಲುವುದಿಲ್ಲ ಎನ್ನುವುದನ್ನು ದಯವಿಟ್ಟು ಗಮನಿಸಿ. ಅರ್ಜಿಯಿಂದ ಕೊನೆಯ ಹಂತವಾದ ಪ್ರಮಾಣವಚನದವರೆಗೂ ನಿರಂತರ ವಾಸ ಇರಲೇಬೇಕು. "ಅರ್ಜಿ ಹಾಕಿಯಾಯಿತು, ಇನ್ನು ಎಂಟು ತಿಂಗಳು ಊರಲ್ಲಿದ್ದರೂ ಪರವಾಗಿಲ್ಲ" ಎಂಬ ನಂಬಿಕೆಯಿಂದಲೇ ಬಹಳ ಅರ್ಜಿಗಳು ಬೀಳುತ್ತವೆ.

ವರ್ಷಗಟ್ಟಲೆ ಊರಲ್ಲಿರುವುದು ಅನಿವಾರ್ಯವಾದರೆ ಐ-131 ಅರ್ಜಿ ಹಾಕಿ ಮರುಪ್ರವೇಶ ಪರವಾನಗಿ ಪಡೆಯಿರಿ. ಇದನ್ನು ರೀಎಂಟ್ರಿ ಪರ್ಮಿಟ್ ಎನ್ನುತ್ತಾರೆ, ಅವಧಿ ಎರಡು ವರ್ಷದವರೆಗೆ. ಅರ್ಜಿ ಹಾಕುವಾಗ ನೀವು ಅಮೆರಿಕದ ನೆಲದ ಮೇಲೇ ಇರಬೇಕು, ಮೈಸೂರಿಗೆ ಬಂದು ನೆನಪಾದರೆ ಆಗದು. ಅದು ಕಾಯುವುದು ಗ್ರೀನ್ ಕಾರ್ಡನ್ನು. ಪೌರತ್ವಕ್ಕೆ ಬೇಕಾದ ನಿರಂತರ ವಾಸ ಅದರಿಂದ ಉಳಿಯುವುದಿಲ್ಲ. ಅಮೆರಿಕದ ಕಂಪನಿಯೇ ಹೊರದೇಶಕ್ಕೆ ಕೆಲಸಕ್ಕೆ ಕಳಿಸುತ್ತಿದ್ದರೆ ಎನ್-470 ಎಂಬ ಬೇರೆ ಅರ್ಜಿಯ ದಾರಿ ಇದೆ. ಅದಕ್ಕೆ ಕಾರ್ಡ್ ಬಂದ ಮೇಲೆ ಒಂದು ವರ್ಷ ಒಂದು ದಿನವೂ ಬಿಡದೆ ಅಲ್ಲಿದ್ದಿರಬೇಕು.

"ಆರು ತಿಂಗಳಿಗೊಮ್ಮೆ ಹೋಗಿ ಮುಖ ತೋರಿಸಿ ಬಂದರೆ ಕಾರ್ಡ್ ಉಳಿಯುತ್ತದೆ" ಎಂಬ ಮಾತು ನಮ್ಮ ಕಡೆ ಬಹಳ ಚಾಲ್ತಿಯಲ್ಲಿದೆ. ನಂಬಬೇಡಿ. ವಾಸ ನಿಜವಾಗಿ ಮೈಸೂರಿನಲ್ಲೇ ಎಂದು ಕಂಡರೆ ಕಾರ್ಡ್ ಬಿಟ್ಟುಕೊಟ್ಟಂತೆ ಎಂದು ವಿಮಾನ ನಿಲ್ದಾಣದ ಅಧಿಕಾರಿ ವಾದಿಸಬಹುದು. ಐ-407 ಎಂಬ ಕಾಗದಕ್ಕೆ ಸಹಿ ಹಾಕಿ ಎನ್ನಬಹುದು. ಅದು ಕಾರ್ಡನ್ನು ಸ್ವಇಚ್ಛೆಯಿಂದ ಒಪ್ಪಿಸುವ ಪತ್ರ. ಸಹಿ ಹಾಕುವುದು ಕಡ್ಡಾಯವಲ್ಲ. ವಲಸೆ ನ್ಯಾಯಾಧೀಶರ ಮುಂದೆ ಹೇಳಿಕೊಳ್ಳುವ ಹಕ್ಕು ಇದೆ. ಒಬ್ಬರೇ ಪ್ರಯಾಣ ಮಾಡುವ ಹಿರಿಯರಿಗೆ ಈ ಸಂಗತಿಯನ್ನು ಹೊರಡುವ ಮೊದಲೇ ಬಿಡಿಸಿ ಹೇಳಿ.

4. ಅರ್ಜಿ ತುಂಬುವುದು

ಆನ್‌ಲೈನ್‌ನಲ್ಲಿ ಹಾಕಿ. ಶುಲ್ಕ 710 ಡಾಲರ್, ಕಾಗದದಲ್ಲಾದರೆ 760. 2024ರ ಏಪ್ರಿಲ್ 1ರಿಂದ ಈ ದರ. ಬೆರಳಚ್ಚಿನ ಖರ್ಚೂ ಇದರಲ್ಲೇ ಸೇರಿದೆ. ಆದಾಯ ಕಡಿಮೆ ಇರುವ ಕುಟುಂಬಕ್ಕೆ 380 ಡಾಲರಿನ ರಿಯಾಯಿತಿ ದರವಿದೆ, ಅದಕ್ಕೆ ಕಾಗದದ ಅರ್ಜಿಯೇ ಬೇಕು. ಆನ್‌ಲೈನ್ ಖಾತೆಯ ದೊಡ್ಡ ಅನುಕೂಲವೆಂದರೆ ನೋಟಿಸುಗಳನ್ನು ಮೈಸೂರಿನಿಂದಲೂ ನೋಡಬಹುದು.

ಅರ್ಜಿಯ ಜೊತೆ ಸೇರಿಸಬೇಕಾದವು: ಕಾರ್ಡಿನ ಎರಡೂ ಬದಿಯ ಪ್ರತಿ, ಮೂರು ವರ್ಷದ ದಾರಿಯಾದರೆ ಮದುವೆ ಪ್ರಮಾಣಪತ್ರ ಮತ್ತು ಒಟ್ಟಿಗೆ ಬಾಳಿದ ಪುರಾವೆ, ಅಮೆರಿಕದ ತೆರಿಗೆ ಇಲಾಖೆಯಿಂದ ಐದು ವರ್ಷದ ಟ್ರಾನ್ಸ್‌ಕ್ರಿಪ್ಟ್, ಅಂದರೆ ಸಲ್ಲಿಸಿದ ತೆರಿಗೆ ವಿವರದ ಅಧಿಕೃತ ಸಾರಾಂಶ. ಕನ್ನಡದಲ್ಲಿರುವ ದಾಖಲೆಗೆ ಇಂಗ್ಲಿಷ್ ಅನುವಾದ ಬೇಕು, ಅನುವಾದಕರು ತಮಗೆ ಎರಡೂ ಭಾಷೆ ಗೊತ್ತೆಂದು ಸಹಿ ಮಾಡಿರಬೇಕು.

ಅಮೆರಿಕದ ತೆರಿಗೆ ವಿವರದಲ್ಲಿ ಯಾವ ವರ್ಷವಾದರೂ 'ಅನಿವಾಸಿ' ಎಂದು ಸಲ್ಲಿಸಿದ್ದರೆ ಅದು ಕಾರ್ಡ್ ಬಿಟ್ಟುಕೊಟ್ಟ ಸೂಚನೆಯಾಗಿ ಕಾಣುತ್ತದೆ. ಅಂಥವರು ಅರ್ಜಿಗೆ ಮೊದಲು ವಕೀಲರನ್ನು ನೋಡಲೇಬೇಕು. ಊರಿನ ಬ್ಯಾಂಕಿನಲ್ಲಿ ಅಮ್ಮನ ಜೊತೆ ಜಂಟಿ ಖಾತೆ ಇದ್ದರೆ ಅದನ್ನೂ ಮರೆಯಬೇಡಿ. ಹೊರದೇಶದ ಖಾತೆಗಳೆಲ್ಲ ಸೇರಿ ವರ್ಷದ ಯಾವುದೇ ದಿನ 10,000 ಡಾಲರ್ ದಾಟಿದ್ದರೆ ಎಫ್‌ಬಿಎಆರ್ ಎಂಬ ವರದಿಯನ್ನು ಪ್ರತಿವರ್ಷ ಸಲ್ಲಿಸಿರಬೇಕು.

ಡ್ರೈವಿಂಗ್ ಲೈಸೆನ್ಸ್ ಕಚೇರಿಯಲ್ಲಿ ಮತದಾರರಾಗಿ ನೋಂದಾಯಿಸಬೇಕೇ ಎಂದು ಕೇಳಿದಾಗ ಗೊತ್ತಿಲ್ಲದೆ ಹೌದು ಎಂದವರಿದ್ದಾರೆ. ಇದು ಸಣ್ಣ ವಿಷಯವಲ್ಲ. ಪ್ರಜೆಯಲ್ಲದವರು ಪ್ರಜೆ ಎಂದು ಹೇಳಿಕೊಂಡಂತಾಗುತ್ತದೆ, ಪೌರತ್ವವಿರಲಿ, ಕಾರ್ಡಿಗೇ ಕುತ್ತು. ಸಂಶಯವಿದ್ದರೆ ಅರ್ಜಿಗೆ ಮೊದಲೇ ಆ ದಾಖಲೆ ತೆಗೆಸಿ ನೋಡಿ. ಚಿಕ್ಕ ವಯಸ್ಸಿನಲ್ಲೇ ಕಾರ್ಡ್ ಪಡೆದ ಗಂಡುಮಕ್ಕಳು 18ರಿಂದ 26ರೊಳಗೆ ಸೈನ್ಯದ ನೋಂದಣಿಗೆ (ಸೆಲೆಕ್ಟಿವ್ ಸರ್ವಿಸ್) ಹೆಸರು ಕೊಟ್ಟಿರಬೇಕು. ಆ ವಯಸ್ಸಿನಲ್ಲಿ ಎಚ್-1ಬಿ ಎಂಬ ಕೆಲಸದ ವೀಸಾ ಅಥವಾ ವಿದ್ಯಾರ್ಥಿ ವೀಸಾದಲ್ಲಿದ್ದವರಿಗೆ ಇದು ಅನ್ವಯಿಸದು.

ಹೆಸರಿನ ವಿಚಾರ ನಮ್ಮ ಕಡೆಯವರಿಗೆ ವಿಶೇಷ ತೊಡಕು. ಊರು, ಅಪ್ಪನ ಹೆಸರು ಇನಿಷಿಯಲ್ಲಿನಲ್ಲಿ ಅಡಗಿರುತ್ತದೆ, ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ಖಾಲಿ ಇರುತ್ತದೆ. ಅಂಥವರಿಗೆ ವೀಸಾದಲ್ಲಿ 'ಎಫ್‌ಎನ್‌ಯು', ಅಂದರೆ ಮೊದಲ ಹೆಸರು ತಿಳಿದಿಲ್ಲ, ಎಂದು ಬಂದು ಅದೇ ಕಾರ್ಡಿಗೂ ಅಂಟಿಕೊಳ್ಳುತ್ತದೆ. ಇದನ್ನು ಸರಿಮಾಡಲು ಎನ್-400 ಒಳ್ಳೆಯ ಅವಕಾಶ. ಹೆಸರು ಬದಲಾವಣೆ ಕೋರಬಹುದು. ಆದರೆ ಆಗ ಪ್ರಮಾಣವಚನ ನ್ಯಾಯಾಲಯದಲ್ಲೇ ಆಗಬೇಕು, ಅದಕ್ಕೆ ಹೆಚ್ಚು ಕಾಯಬೇಕಾಗಬಹುದು. ಊರಿಗೆ ಬೇಗ ಹೊರಡಬೇಕಾದವರು ಇದನ್ನು ಯೋಚಿಸಿ ಆರಿಸಿಕೊಳ್ಳಿ. ಹೆಸರು ಬದಲಾದರೆ ನ್ಯಾಯಾಲಯ ಕೊಡುವ ಆದೇಶದ ಪ್ರತಿಯನ್ನು ಜೋಪಾನ ಮಾಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಮನೆ ಖಾತೆ, ಪಹಣಿ ಎಲ್ಲದರಲ್ಲೂ ಹಳೆಯ ಹೆಸರೇ ಇರುತ್ತದೆ, ಇಬ್ಬರೂ ಒಬ್ಬರೇ ಎಂದು ತೋರಿಸಲು ಮುಂದೆ ಅದೊಂದೇ ಆಧಾರ.

5. ಬೆರಳಚ್ಚು, ಆಮೇಲೆ ಪ್ರಯಾಣ

ಅರ್ಜಿ ಸೇರಿದೊಡನೆ ಸ್ವೀಕೃತಿ ಪತ್ರ ಬರುತ್ತದೆ. ನಿಮ್ಮ ಕಾರ್ಡಿನ ಅವಧಿ ಮುಗಿಯುತ್ತಿದ್ದರೆ ಈ ಪತ್ರವೇ ಅದನ್ನು 24 ತಿಂಗಳು ಮುಂದುವರಿಸುತ್ತದೆ. 2022ರ ಡಿಸೆಂಬರ್‌ನಿಂದ ಈ ಸೌಲಭ್ಯವಿದೆ. ಪ್ರಯಾಣಕ್ಕೆ ಹಳೆಯ ಕಾರ್ಡ್ ಮತ್ತು ಪತ್ರದ ಮೂಲಪ್ರತಿ ಎರಡನ್ನೂ ಒಯ್ಯಿರಿ. ಫೋನಿನಲ್ಲಿ ತೋರಿಸಿದ ಫೋಟೊಗೆ ವಿಮಾನ ಸಂಸ್ಥೆಯ ಕೌಂಟರಿನಲ್ಲಿ ಒಪ್ಪದೇ ಇರಬಹುದು.

ಬೆರಳಚ್ಚಿನ ದಿನಾಂಕ ಬಂದರೆ ಅದನ್ನು ಕೊಟ್ಟೇ ಹೊರಡಿ. ಹಿಂದೆ ಕೊಟ್ಟದ್ದನ್ನೇ ಬಳಸುತ್ತೇವೆ ಎಂಬ ಪತ್ರವೂ ಬರಬಹುದು, ಆಗ ಹೋಗಬೇಕಿಲ್ಲ. ದಿನಾಂಕ ಹೊಂದದಿದ್ದರೆ ಆ ದಿನ ಕಳೆಯುವ ಮೊದಲೇ ಬದಲಾವಣೆ ಕೇಳಿ. ಹೇಳದೆ ಕೇಳದೆ ತಪ್ಪಿಸಿಕೊಂಡರೆ ಅರ್ಜಿ ಕೈಬಿಟ್ಟಂತೆ ಎಂದು ಮುಚ್ಚಿಬಿಡುತ್ತಾರೆ.

ಇಲ್ಲಿಂದ ಪ್ರಮಾಣವಚನದವರೆಗೂ ನೀವು ಭಾರತದ ಪ್ರಜೆಯೇ. ಭಾರತದ ಪಾಸ್‌ಪೋರ್ಟು, ಗ್ರೀನ್ ಕಾರ್ಡು ಎರಡರಲ್ಲೇ ಓಡಾಟ. ಊರಿಗೆ ಬಂದು ಹೋಗಲು ಇದಕ್ಕಿಂತ ಸುರಕ್ಷಿತ ಹೊತ್ತು ಬೇರೆ ಇಲ್ಲ. ಪಾಸ್‌ಪೋರ್ಟಿನ ಅವಧಿ ನೋಡಿಕೊಳ್ಳಿ, ಹೇಗೂ ಬಿಟ್ಟುಕೊಡುವುದಲ್ಲವೇ ಎಂದು ನವೀಕರಿಸದೆ ಬಿಟ್ಟವರು ತುರ್ತಿನಲ್ಲಿ ಸಿಕ್ಕಿಬೀಳುತ್ತಾರೆ. ಅಮೆರಿಕದ ವಿಳಾಸಕ್ಕೆ ಬರುವ ಅಂಚೆಯನ್ನು ನೋಡಲು ಒಬ್ಬರನ್ನು ಗೊತ್ತುಮಾಡಿ. ಸಂದರ್ಶನದ ನೋಟಿಸು ಬಂದಾಗ ಮೈಸೂರಿನಲ್ಲಿದ್ದರೆ, ಹೊರಟುಬರಲು ಆಗದಿದ್ದರೆ, ಆ ದಿನಕ್ಕೆ ಮೊದಲೇ ಮುಂದೂಡಲು ಬರೆಯಿರಿ.

6. ಸಂದರ್ಶನ ಮತ್ತು ಪರೀಕ್ಷೆ

2025ರ ಅಕ್ಟೋಬರ್ 20ರಂದು ಅಥವಾ ಅದರ ನಂತರ ಅರ್ಜಿ ಹಾಕಿದವರಿಗೆ ಹೊಸ ಪೌರನೀತಿ ಪರೀಕ್ಷೆ: 128 ಪ್ರಶ್ನೆಗಳ ಪಟ್ಟಿಯಿಂದ 20 ಕೇಳುತ್ತಾರೆ, 12 ಸರಿ ಹೇಳಬೇಕು. ಹಳೆಯ 100 ಪ್ರಶ್ನೆಗಳ ಪುಸ್ತಕವನ್ನು ಯಾರಾದರೂ ಕೊಟ್ಟರೆ ಅದನ್ನೇ ಬಾಯಿಪಾಠ ಮಾಡಿಕೊಂಡು ಹೋಗಬೇಡಿ. ಇಂಗ್ಲಿಷ್ ಓದಲು, ಬರೆಯಲು ತಲಾ ಮೂರು ವಾಕ್ಯ ಕೊಡುತ್ತಾರೆ, ಒಂದೊಂದು ಸರಿಯಾದರೆ ಸಾಕು. ತಪ್ಪಿದರೆ 60ರಿಂದ 90 ದಿನದಲ್ಲಿ ಇನ್ನೊಂದು ಅವಕಾಶ.

ಹಿರಿಯರಿಗೆ ಇಲ್ಲಿ ರಿಯಾಯಿತಿ ಇದೆ, ಬಹಳ ಮಂದಿಗೆ ಗೊತ್ತೇ ಇಲ್ಲ. 55 ವರ್ಷ ದಾಟಿ ಕಾರ್ಡ್ ಬಂದು 15 ವರ್ಷವಾಗಿದ್ದರೆ, ಅಥವಾ 50 ದಾಟಿ 20 ವರ್ಷವಾಗಿದ್ದರೆ ಇಂಗ್ಲಿಷ್ ಪರೀಕ್ಷೆ ಇಲ್ಲ. ಪೌರನೀತಿಯ ಉತ್ತರಗಳನ್ನು ದುಭಾಷಿಯ ಮೂಲಕ ಕನ್ನಡದಲ್ಲೇ ಹೇಳಬಹುದು. 65 ದಾಟಿ 20 ವರ್ಷ ಕಾರ್ಡ್ ಇದ್ದವರಿಗೆ 20 ಪ್ರಶ್ನೆಗಳ ಚಿಕ್ಕ ಪಟ್ಟಿ, ಅದರಲ್ಲಿ 10 ಕೇಳಿ 6 ಸರಿಯಾದರೆ ಪಾಸು. ದುಭಾಷಿಯನ್ನು ನೀವೇ ಕರೆದೊಯ್ಯಬೇಕು. ಮನೆಯವರೇ ಆದರೆ ಅಧಿಕಾರಿ ಬೇಡವೆನ್ನಬಹುದು, ಹಾಗಾಗಿ ಎರಡೂ ಭಾಷೆ ಚೆನ್ನಾಗಿ ಬಲ್ಲ ಹೊರಗಿನವರೊಬ್ಬರನ್ನು ಒಪ್ಪಿಸಿಕೊಳ್ಳಿ. ಮರೆವಿನ ಕಾಯಿಲೆಯಂಥ ತೊಂದರೆ ಇದ್ದರೆ ವೈದ್ಯರು ತುಂಬುವ ಎನ್-648 ವಿನಾಯಿತಿ ಅರ್ಜಿ ಇದೆ.

ಅರ್ಜಿ ಹಾಕಿದ ಮೇಲೆ ಊರಿಗೆ ಹೋಗಿಬಂದಿದ್ದರೆ ಆ ತಾರೀಖುಗಳನ್ನು ಬರೆದುಕೊಂಡು ಹೋಗಿ, ಕೇಳಿಯೇ ಕೇಳುತ್ತಾರೆ.

7. ಪ್ರಮಾಣವಚನ: ಇಲ್ಲಿ ನಿಂತು ಯೋಚಿಸಿ

ಪ್ರಮಾಣವಚನ ಮುಗಿದ ಕ್ಷಣದಿಂದ ಎರಡು ಸಂಗತಿ ಒಟ್ಟಿಗೆ ಆಗುತ್ತವೆ. ಗ್ರೀನ್ ಕಾರ್ಡನ್ನು ಅಲ್ಲೇ ಒಪ್ಪಿಸುತ್ತೀರಿ. 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ನಿಮ್ಮ ಭಾರತೀಯ ಪೌರತ್ವ ತಾನಾಗಿಯೇ ಕೊನೆಯಾಗುತ್ತದೆ, ಆ ಪಾಸ್‌ಪೋರ್ಟಿನಲ್ಲಿ ಅವಧಿ ಎಷ್ಟೇ ಉಳಿದಿದ್ದರೂ ಬಳಸುವುದು ಅಪರಾಧ. ಕೈಯಲ್ಲಿ ಉಳಿಯುವುದು ಪೌರತ್ವ ಪ್ರಮಾಣಪತ್ರವೊಂದೇ. ಅದನ್ನು ಹಿಡಿದು ವಿಮಾನ ಹತ್ತಲಾಗದು.

ಅಂದರೆ ಪ್ರಮಾಣವಚನದ ನಂತರ ಕೆಲವು ವಾರ ನೀವು ದೇಶ ಬಿಡಲಾಗದ ಸ್ಥಿತಿಯಲ್ಲಿರುತ್ತೀರಿ. ಮಂಡ್ಯದಿಂದ ಅಪ್ಪನಿಗೆ ಹೃದಯಾಘಾತವಾಯಿತೆಂದು ಫೋನ್ ಬರುವುದು ಇಂಥ ಹೊತ್ತಿನಲ್ಲೂ ಇರಬಹುದು. ಮನೆಯಲ್ಲಿ ಯಾರಾದರೂ ತೀರ ಅಸ್ವಸ್ಥರಾಗಿದ್ದರೆ ಮೊದಲು ಊರಿಗೆ ಹೋಗಿಬನ್ನಿ, ಪ್ರಮಾಣವಚನವನ್ನು ಮುಂದೂಡಲು ಕೇಳಿ. ಒಮ್ಮೆ ಕಾರಣ ಕೊಟ್ಟು ಮುಂದೂಡಿದರೆ ಅರ್ಜಿಗೆ ಧಕ್ಕೆಯಿಲ್ಲ. ತಿಳಿಸದೆ ಒಂದಕ್ಕಿಂತ ಹೆಚ್ಚು ಸಲ ತಪ್ಪಿಸಿಕೊಂಡರೆ ಕೈಬಿಟ್ಟಿರೆಂದು ಭಾವಿಸುತ್ತಾರೆ.

ಕೆಲವು ಕಚೇರಿಗಳಲ್ಲಿ ಸಂದರ್ಶನದ ದಿನವೇ ಪ್ರಮಾಣವಚನವನ್ನೂ ಮಾಡಿಸುತ್ತಾರೆ. ಮುಂದಿನ ವಾರಕ್ಕೆ ಬೆಂಗಳೂರಿಗೆ ಟಿಕೆಟ್ ಮಾಡಿಸಿ ಸಂದರ್ಶನಕ್ಕೆ ಹೋದವರು, ಖುಷಿಯಲ್ಲಿ ಅದನ್ನೂ ಮುಗಿಸಿಬಿಟ್ಟರೆ, ಆ ಟಿಕೆಟ್ ರದ್ದು ಮಾಡಬೇಕಾಗುತ್ತದೆ. ಟಿಕೆಟ್ ಇದ್ದರೆ ಅಧಿಕಾರಿಗೆ ಮೊದಲೇ ಹೇಳಿ ಬೇರೆ ದಿನ ಕೇಳಿ.

ಪ್ರಮಾಣವಚನಕ್ಕೆ ಕರೆಯುವ ಎನ್-445 ಎಂಬ ನೋಟಿಸಿನ ಹಿಂಬದಿಯ ಪ್ರಶ್ನೆಗಳಿಗೆ ಅದೇ ದಿನ ಉತ್ತರ ಬರೆಯಬೇಕು. ಸಂದರ್ಶನದ ನಂತರ ಹೊರದೇಶಕ್ಕೆ ಹೋಗಿದ್ದಿರಾ ಎಂಬುದು ಅದರಲ್ಲೊಂದು. ಪ್ರಮಾಣಪತ್ರ ಕೊಟ್ಟೊಡನೆ ಹೆಸರು, ಜನ್ಮದಿನಾಂಕ ಅಕ್ಷರ ಅಕ್ಷರವಾಗಿ ನೋಡಿ. ತಪ್ಪಿದ್ದರೆ ಅಲ್ಲೇ ತೋರಿಸಿ.

8. ಪಾಸ್‌ಪೋರ್ಟ್, ಒಪ್ಪಿಸುವಿಕೆ, ಓಸಿಐ

ಮೊದಲು ಪ್ರಮಾಣಪತ್ರದ ಸ್ಪಷ್ಟ ಪ್ರತಿ ಮಾಡಿಟ್ಟುಕೊಳ್ಳಿ. ಪಾಸ್‌ಪೋರ್ಟ್ ಅರ್ಜಿ ಡಿಎಸ್-11ರ ಜೊತೆ ಮೂಲಪತ್ರವನ್ನೇ ಕಳಿಸಬೇಕು, ಅದು ವಾಪಸ್ ಬರುವವರೆಗೆ ಪ್ರತಿಯೊಂದೇ ಗತಿ. ಶುಲ್ಕ 130 ಡಾಲರ್, ಅರ್ಜಿ ಸ್ವೀಕರಿಸುವ ಕಚೇರಿಗೆ 35, ತ್ವರಿತ ಸೇವೆಗೆ ಇನ್ನೂ 60. ಈ 60 ಉಳಿಸಲು ಹೋಗಬೇಡಿ. ಹತ್ತಿರದ ಸಂಬಂಧಿಗೆ ಪ್ರಾಣಾಪಾಯವಿದ್ದರೆ ಪಾಸ್‌ಪೋರ್ಟ್ ಏಜೆನ್ಸಿಯಲ್ಲಿ ತುರ್ತು ಭೇಟಿ ಸಿಗುತ್ತದೆ. ಅದಕ್ಕೆ ಮೈಸೂರಿನ ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲಿ, ಇಂಗ್ಲಿಷಿನಲ್ಲಿ, ವೈದ್ಯರ ಸಹಿಯಿರುವ ಪತ್ರ ತರಿಸಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಔಷಧದ ಚೀಟಿ ಸಾಲದು.

18ರೊಳಗಿನ ಮಕ್ಕಳು ಗ್ರೀನ್ ಕಾರ್ಡ್ ಹೊಂದಿ ನಿಮ್ಮ ಸುಪರ್ದಿಯಲ್ಲಿ ಅಲ್ಲೇ ವಾಸವಿದ್ದರೆ, ನೀವು ಪ್ರಜೆಯಾದ ಕೂಡಲೇ ಅವರೂ ಪ್ರಜೆಗಳೇ. ಅವರಿಗೂ ಅಮೆರಿಕದ ಪಾಸ್‌ಪೋರ್ಟ್ ಮಾಡಿಸದೆ ಊರಿಗೆ ಹೊರಡುವಂತಿಲ್ಲ.

ಪಾಸ್‌ಪೋರ್ಟ್ ಬಂದ ಮೇಲೆ ಭಾರತದ ಹಳೆಯ ಪಾಸ್‌ಪೋರ್ಟನ್ನು ವಿಎಫ್‌ಎಸ್ ಎಂಬ, ಕಾನ್ಸುಲೇಟಿನ ಪರವಾಗಿ ಅರ್ಜಿ ಸ್ವೀಕರಿಸುವ ಸಂಸ್ಥೆಯ ಮೂಲಕ ಕಾನ್ಸುಲೇಟಿಗೆ ಒಪ್ಪಿಸಿ. ಅದನ್ನು ರದ್ದುಮಾಡಿ, ಒಪ್ಪಿಸಿದ್ದಕ್ಕೆ ಪ್ರಮಾಣಪತ್ರದೊಂದಿಗೆ ವಾಪಸ್ ಕಳಿಸುತ್ತಾರೆ. ರದ್ದಾದ ಪಾಸ್‌ಪೋರ್ಟನ್ನು ಎಸೆಯಬೇಡಿ, ಓಸಿಐಗೆ ನೀವು ಭಾರತದವರಾಗಿದ್ದಿರಿ ಎನ್ನುವುದಕ್ಕೆ ಅದೇ ಸಾಕ್ಷಿ. ಓಸಿಐ ಎಂದರೆ ಸಾಗರೋತ್ತರ ಭಾರತೀಯ ನಾಗರಿಕ ಎಂಬ ಕಾರ್ಡ್. ಜೀವನಪರ್ಯಂತ ವೀಸಾ ಇಲ್ಲದೆ ಬರಬಹುದು, ಎಷ್ಟು ದಿನ ಬೇಕಾದರೂ ಇರಬಹುದು. ಸರ್ಕಾರಿ ಶುಲ್ಕ 275 ಡಾಲರ್, ವಿಎಫ್‌ಎಸ್ ಸೇವಾ ಶುಲ್ಕ ಬೇರೆ.

ಓಸಿಐ ಬರುವವರೆಗೆ ಕಾಯಲಾಗದವರು ಇ-ವೀಸಾ ತೆಗೆದುಕೊಳ್ಳಬಹುದು. ಹೊರಡುವುದಕ್ಕೆ ಕನಿಷ್ಠ ನಾಲ್ಕು ದಿನ ಮೊದಲು ಅರ್ಜಿ ಹಾಕಬೇಕು, ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇದಕ್ಕೆ ಮಾನ್ಯತೆ ಇದೆ. ವಿಳಾಸದ ಕೊನೆಯಲ್ಲಿ 'ಡಾಟ್ ಗವ್ ಡಾಟ್ ಇನ್' ಇರುವ ಸರ್ಕಾರಿ ತಾಣದಲ್ಲೇ ಹಾಕಿ. ಅದೇ ಬಣ್ಣ, ಅದೇ ಲಾಂಛನ ಹಾಕಿಕೊಂಡು ಹೆಚ್ಚು ದುಡ್ಡು ಕೀಳುವ ತಾಣಗಳು ಬೇಕಾದಷ್ಟಿವೆ. ಹಿಂದಿನ ಪೌರತ್ವದ ಪ್ರಶ್ನೆಗೆ ಭಾರತ ಎಂದೇ ಬರೆಯಿರಿ, ಒಪ್ಪಿಸಿದ ಪ್ರಮಾಣಪತ್ರದ ಪ್ರತಿ ಜೊತೆಗಿರಲಿ. ಪ್ರವಾಸಿ ಇ-ವೀಸಾದಲ್ಲಿ ಅಮೆರಿಕದ ಪ್ರಜೆ ಒಂದು ಸಲಕ್ಕೆ 180 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಅಮ್ಮನ ಜೊತೆ ವರ್ಷವಿಡೀ ಇರಬೇಕೆನ್ನುವವರಿಗೆ ಓಸಿಐಯೇ ಸರಿಯಾದ ದಾರಿ.

ಊರಿನ ಮತದಾರರ ಪಟ್ಟಿಯಲ್ಲಿ ಹೆಸರು ಉಳಿದಿದ್ದರೆ ನಮೂನೆ 7 ಕೊಟ್ಟು ತೆಗೆಸಿ.

9. ಊರಿನ ಗದ್ದೆಯ ಪ್ರಶ್ನೆ

ಮದ್ದೂರು, ಪಾಂಡವಪುರ, ಶ್ರೀರಂಗಪಟ್ಟಣದ ಕಡೆಯವರು ಅರ್ಜಿ ಹಾಕಲು ಹಿಂಜರಿಯುವುದು ಮುಖ್ಯವಾಗಿ ಇದಕ್ಕೇ: ಪೌರತ್ವ ತೆಗೆದುಕೊಂಡರೆ ನಾಲೆ ನೀರಿನ ಗದ್ದೆ ಕೈತಪ್ಪುತ್ತದೆಯೇ? ಭಾರತದಲ್ಲಿ ವಾಸವಿದ್ದಾಗ ನೀವೇ ಪಡೆದ, ಅಥವಾ ಇಲ್ಲೇ ವಾಸವಿದ್ದ ಅಪ್ಪ-ಅಮ್ಮನಿಂದ ಉತ್ತರಾಧಿಕಾರವಾಗಿ ಬಂದ ಜಮೀನು ನಿಮ್ಮದಾಗಿಯೇ ಉಳಿಯುತ್ತದೆ. ಮುಂದೆ ಅಪ್ಪನ ಕಾಲಾನಂತರ ಪೌತಿ ಖಾತೆಯಿಂದಲೋ ವಿಲ್ ಮೂಲಕವೋ ಬಂದರೂ ಪಡೆಯಬಹುದು. ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಹೊಸದಾಗಿ ಕೊಳ್ಳುವಂತಿಲ್ಲ. ಆದರೆ ಈ ನಿರ್ಬಂಧ ಅನಿವಾಸಿ ಭಾರತೀಯರಾಗಿರುವ ಗ್ರೀನ್ ಕಾರ್ಡಿನವರಿಗೂ ಈಗಲೇ ಇದೆ, ಪೌರತ್ವದಿಂದ ಹೊಸದಾಗಿ ಬರುವುದಲ್ಲ. ಮೈಸೂರಿನಲ್ಲಿ ಸೈಟು, ಮನೆ, ಫ್ಲ್ಯಾಟು ಕೊಳ್ಳಲು ಅಡ್ಡಿಯಿಲ್ಲ.

ಎಡವುವುದು ದಾನಪತ್ರದಲ್ಲಿ. ಅಪ್ಪ ಬದುಕಿರುವಾಗಲೇ ಪ್ರೀತಿಯಿಂದ ಕಬ್ಬಿನ ಗದ್ದೆಯನ್ನು ಹೊರದೇಶದಲ್ಲಿರುವ ಮಗನಿಗೆ ದಾನಪತ್ರ ಬರೆದುಕೊಡುವುದು ವಿದೇಶಿ ವಿನಿಮಯ ನಿಯಮಕ್ಕೆ ವಿರುದ್ಧ. ವಿಲ್ ಬರೆಯಿಸಿ. ಮುಂದೆ ಮಾರುವುದಾದರೆ ಕೃಷಿ ಜಮೀನನ್ನು ಭಾರತದಲ್ಲೇ ವಾಸವಿರುವ ಭಾರತೀಯ ಪ್ರಜೆಗೆ ಮಾತ್ರ ಮಾರಬಹುದು.

ಜಮೀನಿನ ಓಡಾಟಕ್ಕೆ ಊರಲ್ಲಿರುವ ತಮ್ಮನಿಗೋ ಅಕ್ಕನಿಗೋ ಅಧಿಕಾರಪತ್ರ ಕೊಡುವುದಿದ್ದರೆ, ಹೊರಡುವ ಆತುರದಲ್ಲಿ ಮರೆಯದೆ ಅಮೆರಿಕದಲ್ಲೇ ಅದನ್ನು ನೋಟರಿ ಮಾಡಿಸಿ, ಅಪಾಸ್ಟಿಲ್ ಮುದ್ರೆ ಹಾಕಿಸಿ. ಅಪಾಸ್ಟಿಲ್ ಎಂದರೆ ಒಂದು ದೇಶದ ಕಾಗದವನ್ನು ಇನ್ನೊಂದು ದೇಶ ಒಪ್ಪಲು ಸರ್ಕಾರ ಕೊಡುವ ದೃಢೀಕರಣ. ಪತ್ರ ಊರಿಗೆ ತಲುಪಿದ ಮೂರು ತಿಂಗಳೊಳಗೆ ಇಲ್ಲಿನ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಲಕೋಟೆ ತಲುಪಿದ ದಿನವನ್ನು ಅದರ ಮೇಲೇ ಬರೆದಿಡಲು ಮನೆಯವರಿಗೆ ಹೇಳಿ.